ಖಣದ ಹೊದಿಕೆಯ ಕೆಳಗಿನ ಎಡಗೈ

ನನಗೆ ಅನುಮಾನ ಜಾಸ್ತಿ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ. ಹಾಲು ಹಾಕುವವನು ಕಾರಣವಿಲ್ಲದೆ ನಕ್ಕ ದಿನ ನಾನು ಹಾಲಿಗೆ ಬೆರಳು ಅದ್ದಿ ನೋಡುವವಳೇ. ಹೀಗಿರುವಾಗ ನಮ್ಮ ಪ್ರೆಸ್ಸಿನ ಸಾವ್ಕಾರರು ಒಂದು ಬೆಳಿಗ್ಗೆ ಟೇಪು ಹಿಡಿದುಕೊಂಡು ನನ್ನ ಕಂಪ್ಯೂಟರ್ ಟೇಬಲ್ಲಿನ ಉದ್ದ ಅಗಲ ಅಳೆಯುತ್ತಿದ್ದುದನ್ನು ಕಂಡ ಮೇಲೆ ನಾನು ಸುಮ್ಮನಿರುವುದಾದರೂ ಹೇಗೆ?

"ಯಾಕ್ರಿ ಸಾವ್ಕಾರ್ರ, ಟೇಬಲ್ಲು ಬೆಳದೈತೇನು?" ಎಂದೆ.

"ಏ, ಸುಮ್ನ ನೋಡಿದೆ ಅಕ್ಕಾರ," ಎಂದು ಟೇಪನ್ನು ಜೇಬಿಗೆ ಇಳಿಸಿದರು.

ಸುಮ್ಮನೆ ನೋಡುವ ಮನುಷ್ಯ ಅವರಲ್ಲ. ಹಣೆಯ ವಿಭೂತಿಯನ್ನೂ ಅಳತೆ ತಪ್ಪದ ಹಾಗೆ ಹಚ್ಚುವವರು. ಆ ದಿನವೆಲ್ಲ ನನಗೆ ಊಟ ಸೇರಲಿಲ್ಲ.

ನಮ್ಮದು ಹೊಸಪೇಟೆಯ ಹಳೆಯ ಓಣಿಯಲ್ಲಿರುವ ಸಣ್ಣ ಪ್ರೆಸ್ಸು. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಅಂಗಡಿಯ ಬಿಲ್‌ಬುಕ್ಕು, ಇಂಥವೇ ಕೆಲಸ. ಈಗ ಎಲ್ಲರೂ ಮದುವೆಗೆ ಮೊಬೈಲಿನಲ್ಲೇ ಕರೆಯುತ್ತಾರೆ, ನಿಜ. ಆದರೆ ಮೊದಲ ಪತ್ರಿಕೆಯ ನಾಲ್ಕೂ ಮೂಲೆಗೆ ಅರಿಶಿಣ ಹಚ್ಚಿ ಹಂಪಿಗೆ ಒಯ್ದು ವಿರೂಪಾಕ್ಷನ ಮುಂದೆ ಇಡಬೇಕಲ್ಲ. ದೇವರ ಹತ್ತಿರ ಇನ್ನೂ ಮೊಬೈಲ್ ಬಂದಿಲ್ಲ. ಆ ಪುಣ್ಯದಿಂದ ನಮ್ಮ ಪ್ರೆಸ್ಸು ಉಸಿರಾಡುತ್ತಿದೆ. ಹುಡುಗಿಯಾಗಿದ್ದಾಗಿನಿಂದ ನಾನೇ ಅಲ್ಲಿಯ ಟೈಪಿಂಗ್ ಅಕ್ಕ. ನನ್ನ ಲಗ್ನವೊಂದನ್ನು ಬಿಟ್ಟು ಈ ಸೀಮೆಯ ಎಲ್ಲರ ಲಗ್ನವನ್ನೂ ಕೂಡಿಸಿಟ್ಟವಳು ನಾನು.

ನನ್ನ ಕಂಪ್ಯೂಟರ್ ಹಳೆಯದು. ಒಳಗಿರುವುದು ಎಕ್ಸ್‌ಪಿ. ಆನ್ ಮಾಡಿದರೆ ನಾನು ಹೊರಗೆ ಹೋಗಿ ಚಹಾ ಕುಡಿದು ಬರುವಷ್ಟು ಹೊತ್ತು ತಾನೂ ಯೋಚನೆ ಮಾಡುತ್ತದೆ. ನಮ್ಮ ಹಳೆಯ ಕನ್ನಡ ಅಕ್ಷರಗಳು, ಗಣಪತಿ, ಬಸವಣ್ಣ, ಬಾಳೆಕಂಬದ ಚಿತ್ರಗಳೆಲ್ಲ ಅದರಲ್ಲಿ ಮಾತ್ರ ಸರಿಯಾಗಿ ತೆರೆದುಕೊಳ್ಳುತ್ತವೆ. ಹೊಸ ಕಂಪ್ಯೂಟರಿಗೆ ಹಾಕಿದರೆ ಬಾಳೆಕಂಬ ಉಳಿಯುತ್ತದೆ, ಅಕ್ಷರಗಳು ಚೌಕದ ಡಬ್ಬಿಗಳಾಗುತ್ತವೆ. ಆದ್ದರಿಂದ ಅದನ್ನು ಬದಲಿಸುವ ಮಾತನ್ನು ಸಾವ್ಕಾರರು ಎಂದೂ ಆಡಿರಲಿಲ್ಲ. ಅದನ್ನು ಬಲ್ಲವಳು ನಾನೊಬ್ಬಳೇ ಎಂಬ ಧೈರ್ಯ ನನಗಿತ್ತು.

ಬಲ್ಲವಳು ಎಂದರೆ ಹೇಗೆ? ಕೈಯಿಂದ. ಸಂಡೂರಿನ ಅದಿರಿನ ಧೂಳು ನಮ್ಮೂರಿಗೂ ಬರುತ್ತದೆ. ಬೆಳಿಗ್ಗೆ ಒರೆಸಿದ ಕೀಬೋರ್ಡು ಮಧ್ಯಾಹ್ನಕ್ಕೆ ಕೆಂಪಗಾಗಿರುತ್ತದೆ. ಅದಕ್ಕೆಂದು ಉಡಿ ತುಂಬಿದಾಗ ಬಂದ ಒಂದು ರವಿಕೆ ಖಣವನ್ನು ಹೊದಿಕೆಯಾಗಿ ಹೊಲಿದಿದ್ದೇನೆ. ಹೊದಿಕೆಯ ಕೆಳಗೆ ಕೈ ತೂರಿಸಿಯೇ ಟೈಪ್ ಮಾಡುತ್ತೇನೆ. ಇದು ಹೊಸದೇನಲ್ಲ; ಹಿಂದೆ ಟೈಪಿಂಗ್ ಕಲಿಸಿದ ಮೇಷ್ಟ್ರು ನಾವು ಕೀ ನೋಡಿಕೊಂಡು ಒತ್ತಬಾರದೆಂದು ಬೆರಳುಗಳ ಮೇಲೆ ತಮ್ಮ ಟವೆಲ್ಲನ್ನೇ ಹೊದಿಸುತ್ತಿದ್ದರು. ಆ ಅಭ್ಯಾಸ ನನಗೆ ಬಿಡಲಿಲ್ಲ. ಬಿಡದಿದ್ದುದು ಒಳ್ಳೆಯದೇ ಆಯಿತು. ಎದುರಿಗೆ ಕೂತವರಿಗೆ ಬಲಗೈಯ ಮೌಸು ಕಾಣುತ್ತದೆ, ಎಡಗೈಯ ವಿದ್ಯೆ ಕಾಣುವುದಿಲ್ಲ.

ಎಡಗೈಯಲ್ಲೇ ಇರುವುದು ಎಲ್ಲ. ಕಂಟ್ರೋಲ್ ಹಿಡಿದು ಸಿ ಒತ್ತಿದರೆ ನಕಲು, ವಿ ಒತ್ತಿದರೆ ಅಂಟಿಕೊಳ್ಳುತ್ತದೆ. ಎಸ್ ಅನ್ನು ನಾನು ಉಸಿರಾಡಿದಷ್ಟು ಸಲ ಒತ್ತುತ್ತೇನೆ, ಏಕೆಂದರೆ ನಮ್ಮೂರಿನ ಕರೆಂಟನ್ನು ನಂಬಲು ನಾನೇನು ಹುಚ್ಚಿಯೇ? ಆಲ್ಟ್ ಹಿಡಿದು ಟ್ಯಾಬ್ ಒತ್ತಿದರೆ ಒಂದು ಪತ್ರಿಕೆಯಿಂದ ಇನ್ನೊಂದಕ್ಕೆ ದಾಟಬಹುದು. ಎಲ್ಲಕ್ಕಿಂತ ದೊಡ್ಡದು ಕಂಟ್ರೋಲ್ ಮತ್ತು ಜೆಡ್. ಮಾಡಿದ ತಪ್ಪು ಮಾಡದ ಹಾಗೆ ಹಿಂದಕ್ಕೆ ಹೋಗುತ್ತದೆ. ಬದುಕಿನಲ್ಲಿ ಎಲ್ಲಿದೆ ಹೇಳಿ ಇಂಥದ್ದು.

ಟೇಬಲ್ ಅಳೆದ ವಾರದಲ್ಲೇ ಸಾವ್ಕಾರರು ತಮ್ಮ ಸೊಸೆಯನ್ನು ಕರೆದುಕೊಂಡು ಬಂದರು. ಕಂಪ್ಲಿಯ ಹುಡುಗಿ, ಅಕ್ಕಿ ಗಿರಣಿಯವರ ಮನೆಯವಳು. ಮದುವೆಯಾಗಿ ವರ್ಷವೂ ತುಂಬಿರಲಿಲ್ಲ. ಸೆರಗು ಹೊದ್ದು, ತಲೆ ತಗ್ಗಿಸಿ, ಬಾಗಿಲಲ್ಲೇ ನಿಂತಿದ್ದಳು.

"ಅಕ್ಕಾರ, ನಮ್ಮ ಸೊಸಿಗೆ ಕಂಪ್ಯೂಟರ್ ಕಲಸ್ರಿ. ಮಧ್ಯಾಹ್ನ ಊಟ ಆದ ಮ್ಯಾಲೆ ಬರ್ತಾಳ. ಎಲ್ಲಾ ಕಲಸ್ರಿ ಮತ್ತ, ಏನೂ ಬಿಡಬ್ಯಾಡ್ರಿ."

ಏನೂ ಬಿಡಬ್ಯಾಡ್ರಿ! ಒಂದು ಕಂಪ್ಯೂಟರ್, ಒಂದು ಕುರ್ಚಿ. ಅವಳು ಎಲ್ಲ ಕಲಿತ ಮೇಲೆ ನಾನು ಎಲ್ಲಿ ಕೂರಬೇಕು? ನಾನಿರುವುದು ಮಲಪನಗುಡಿಯಲ್ಲಿ, ತಮ್ಮನ ಮನೆಯಲ್ಲಿ. ಊಟದ ಡಬ್ಬಿ ಹಿಡಿದು ಹೊಸಪೇಟೆಗೆ ಹೊರಡುವಷ್ಟು ಕಾಲವೂ ಅಲ್ಲಿ ನಾನು ಕೆಲಸಕ್ಕೆ ಹೋಗುವ ಅಕ್ಕ. ನಾದಿನಿ ನನಗೆ ಕೂತಲ್ಲಿಗೆ ಚಹಾ ತಂದುಕೊಡುತ್ತಾಳೆ. ಕುರ್ಚಿ ಹೋದ ಮರುದಿನ ನಾನು ಅಡಿಗೆಮನೆಯ ಮೂಲೆಯಲ್ಲಿ ಬೆಳ್ಳುಳ್ಳಿ ಸುಲಿಯುವ ಅತ್ತೆ. ಅದನ್ನು ನೆನೆದರೆ ನನಗೆ ಈಗಲೂ ಭಯವಾಗುತ್ತದೆ.

ಆದ್ದರಿಂದ ನಾನು ಕಲಿಸಿದೆ. ಮೌಸು ಮಾತ್ರ ಕಲಿಸಿದೆ.

"ನೋಡವಾ ತಂಗಿ, ಒಂದು ಸಾಲು ನಕಲು ಮಾಡಬೇಕಂದ್ರ ಮೊದ್ಲ ಮ್ಯಾಲೆ ಎಡಿಟ್ ಅಂತ ಐತಲ್ಲ, ಅಲ್ಲಿಗೆ ಹೋಗ್ಬೇಕು. ಒತ್ಬೇಕು. ಆಮ್ಯಾಲೆ ಕೆಳಗ ಬರ್ಬೇಕು. ಕಾಪಿ ಅಂತ ಬರ್ತೈತಿ. ಅದನ್ನ ಒತ್ಬೇಕು. ಸಮಾಧಾನ ಬೇಕು ಇದಕ್ಕ."

"ಹೂಂ ರೀ ಅಕ್ಕಾರ," ಎನ್ನುತ್ತಿದ್ದಳು. ಬಾಣದ ಗುರುತನ್ನು ತೆವಳಿಸುತ್ತ ಎಡಿಟ್‌ವರೆಗೆ ಒಯ್ದು, ದಾರಿ ತಪ್ಪಿ, ಮತ್ತೆ ಬರುತ್ತಿದ್ದಳು. ಫೈಲಿನ ಹೆಸರು ಬದಲಿಸಲು ಎಫ್-ಟೂ ಒಂದು ಸಾಕು. ನಾನು ಅವಳಿಗೆ ಬಲಗಡೆ ಕ್ಲಿಕ್, ಉದ್ದನೆಯ ಪಟ್ಟಿ, ಅದರಲ್ಲಿ ಹುಡುಕಾಟ, ಇದನ್ನೆಲ್ಲ ಹೇಳಿಕೊಟ್ಟೆ. ಕಂಪ್ಯೂಟರ್ ಕಂಬದಂತೆ ನಿಂತುಬಿಟ್ಟಾಗ ಕಂಟ್ರೋಲ್, ಆಲ್ಟ್, ಡಿಲೀಟ್ ಮೂರನ್ನೂ ಒಟ್ಟಿಗೆ ಒತ್ತಿ ನಿಂತ ಕೆಲಸವನ್ನಷ್ಟೇ ಮುಗಿಸಬಹುದು. ಅವಳಿಗೆ ಮಾತ್ರ, "ಊದಿನಕಡ್ಡಿ ಹಚ್ಚು, ತಾನ ಸರಿ ಆಗ್ತೈತಿ," ಎಂದೆ. ಪಾಪ, ಹಚ್ಚಿದಳು.

ಒಂದು ದಿನ ಅವಳೇ ಕೇಳಿದಳು: "ಅಕ್ಕಾರ, ನಾ ಮಾಡಿದ್ರ ಇಷ್ಟೊತ್ತು ಹಿಡೀತೈತಿ. ನಿಮ್ಮದು ಹೆಂಗ್ರಿ ಅಷ್ಟು ಜಲ್ದಿ?"

"ಮಷಿನ್ನು ನನ್ನ ಕೈ ಗುರ್ತು ಹಿಡೀತೈತವಾ," ಎಂದೆ.

ಅವಳು ಖಣದ ಹೊದಿಕೆಯನ್ನು ಒಮ್ಮೆ ನೋಡಿದಳು. ಮುಖದಲ್ಲಿ ಏನೂ ಇರಲಿಲ್ಲ. ಏನೂ ಇಲ್ಲದ ಮುಖವನ್ನು ನಾನು ಎಂದೂ ನಂಬಿದವಳಲ್ಲ.

ಆಮೇಲೆ ಶುರುವಾಯಿತು ನೋಡಿ. ನಾನು ಡಬ್ಬಿ ತೊಳೆದುಕೊಂಡು ಒಳಗೆ ಬಂದಾಗಲೆಲ್ಲ ಪರದೆ ಖಾಲಿ. ಖಾಲಿ ಎಂದರೆ ಹಿಂದೆ ಹಾಕಿದ್ದ ಹಂಪಿಯ ಕಲ್ಲುಕಂಬಗಳ ಫೋಟೋ ಒಂದೇ. ನನ್ನ ಪರದೆಯ ಮೇಲೆ ಸದಾ ಯಾವುದಾದರೂ ಪತ್ರಿಕೆ ತೆರೆದಿರುತ್ತದೆ. ಆ ಫೋಟೋ ಅಲ್ಲಿದೆ ಎಂಬುದೇ ನನಗೆ ಮರೆತಿತ್ತು. ಅವಳಿಗೆ ನಾನು ಪರದೆಯ ಮೇಲಿನ ಕಿಟಕಿ ಮುಚ್ಚುವುದನ್ನು ಕಲಿಸಿದ್ದು ಮೂಲೆಯ ಸಣ್ಣ ಗುರುತು ಒತ್ತಿ, ಒಂದೊಂದಾಗಿ. ನನ್ನ ಹೆಜ್ಜೆ ಸದ್ದಾಗಿ ನಾನು ಬಾಗಿಲು ದಾಟುವಷ್ಟರಲ್ಲಿ ಅವಳ ಕೈಯಲ್ಲಿ ಅದು ಮುಗಿಯುವ ಕೆಲಸವಲ್ಲ.

"ಏನ್ ಮಾಡ್ತಿದ್ದೆವಾ?"

"ಏನಿಲ್ರಿ, ಹಂಪಿ ನೋಡ್ತಿದ್ದೆ."

ಹಂಪಿ ನೋಡಬೇಕಾದರೆ ಬಸ್ಸು ಹತ್ತಿದರಾಯಿತು, ಪಕ್ಕದಲ್ಲೇ ಇದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಊರಿಗೆ ಕಾಣುವುದಿಲ್ಲವೇ? ನನ್ನ ಪತ್ರಿಕೆಗಳನ್ನೆಲ್ಲ ನಕಲು ಮಾಡಿಕೊಳ್ಳುತ್ತಿದ್ದಾಳೆ ಎಂದು ನನಗೆ ಖಾತ್ರಿಯಾಯಿತು.

ನಾನು ಖಣವನ್ನು ಎತ್ತಿ ಕೀಬೋರ್ಡನ್ನು ಬೆಳಕಿಗೆ ಓರೆ ಹಿಡಿದು ನೋಡಿದೆ. ಹೊದಿಕೆ ಇದ್ದರೂ ಧೂಳು ಸಂದಿ ಹುಡುಕಿಕೊಂಡು ಒಳಗೆ ಹೋಗುತ್ತದೆ. ಮುಟ್ಟದ ಕೀಗಳ ಮೇಲೆ ಕೆಂಪು ಪೌಡರಿನಂತೆ ಕೂರುತ್ತದೆ. ಕಂಟ್ರೋಲ್ ಮತ್ತು ಆಲ್ಟ್ ನಡುವೆ ಕಿಟಕಿಯ ಚಿತ್ರವಿರುವ ಒಂದು ಕೀ ಇದೆಯಲ್ಲ, ವಿಂಡೋಸ್ ಕೀ, ಅದನ್ನು ನಾನು ಎಂದೂ ಬಳಸಿದವಳಲ್ಲ. ಅದರ ಮೇಲೆ ಕೆಂಪು ಗಟ್ಟಿಯಾಗಿ ಕೂತಿರುತ್ತಿತ್ತು. ಈಗ ಅದು ಪಳಪಳ ಹೊಳೆಯುತ್ತಿತ್ತು. ಅಮ್ಮಾ ತಾಯಿ! ಎಂದುಕೊಂಡೆ.

ಅವಳು ಹೋದ ಮೇಲೆ ಆ ಕೀಯನ್ನು ಹಿಡಿದು ಒಂದೊಂದೇ ಅಕ್ಷರ ಒತ್ತುತ್ತ ಹೋದೆ. ಇ ಒತ್ತಿದರೆ ಕಂಪ್ಯೂಟರಿನ ಕಪಾಟುಗಳೆಲ್ಲ ತೆರೆದವು. ಆರ್ ಒತ್ತಿದರೆ ಏನೋ ಬರೆ ಎಂದು ಸಣ್ಣ ಡಬ್ಬಿಯೊಂದು ಕೇಳಿತು. ಎಲ್ ಒತ್ತಿದಾಗ ಬಾಗಿಲು ಹಾಕಿದ ಹಾಗೆ ನೀಲಿ ಪರದೆ ಬಂತು. ಸಾವ್ಕಾರರ ಹೆಸರಿನ ಮೇಲೆ ಒತ್ತಿದರೆ ಪುಣ್ಯಕ್ಕೆ ಮತ್ತೆ ತೆರೆಯಿತು. ಡಿ ಒತ್ತಿದೆ. ತೆರೆದದ್ದೆಲ್ಲ ಒಂದೇ ಏಟಿಗೆ ಮಾಯ, ಹಂಪಿಯ ಕಂಬಗಳು ನಿಂತಿದ್ದವು. ಮತ್ತೆ ಒತ್ತಿದೆ, ಎಲ್ಲ ಮರಳಿ ಬಂತು.

ಇಷ್ಟು ವರ್ಷದಲ್ಲಿ ನನಗೇ ಗೊತ್ತಿಲ್ಲದ ವಿದ್ಯೆ! ಎಡಿಟ್ ಎಲ್ಲಿದೆ ಎಂದು ಹುಡುಕಾಡುವ ಹುಡುಗಿಗೆ ಇದು ಗೊತ್ತಿದೆ ಎಂದರೆ ಏನರ್ಥ? ನಾನು ಚಾಪೆ ಕೆಳಗೆ ತೂರಿದರೆ ಅವಳು ರಂಗೋಲಿ ಕೆಳಗೆ ತೂರಿದ್ದಳು.

ಮರುದಿನ ಬೇಕೆಂದೇ, "ಕಂಪ್ಲಿ ಬಸ್ಸಿಗೆ ಕಾರ್ಡಿನ ಬಂಡಲ್ ಹಾಕಿ ಬರ್ತೀನವಾ, ತಡ ಆಗ್ತೈತಿ," ಎಂದು ಹೇಳಿ ಹೊರಟೆ. ಓಣಿಯ ತುದಿಯವರೆಗೆ ಹೋಗಿ, ಚಪ್ಪಲಿ ಕೈಯಲ್ಲಿ ಹಿಡಿದು, ಹಿತ್ತಲ ಬಾಗಿಲಿನಿಂದ ಒಳಗೆ ಬಂದೆ. ಕಾಗದದ ರೀಮುಗಳ ಸಂದಿಯಿಂದ ಇಣುಕಿದರೆ ಪರದೆಯ ಮೇಲೆ ಹಸಿರು ಕಂಡಿತು. ನನ್ನ ಮೊಣಕೈ ತಗುಲಿ ಒಂದು ರೀಮು ಬಿತ್ತು. ಅವಳ ಎಡಗೈ ಖಣದ ಕೆಳಗೆ ಹೋಯಿತು. ಹಂಪಿ ಬಂತು.

ಹೋಗಿ ಅವಳ ಪಕ್ಕ ನಿಂತು, ನನ್ನ ಎಡಗೈಯನ್ನೂ ಹೊದಿಕೆಯ ಕೆಳಗೆ ಹಾಕಿ, ಆಲ್ಟ್ ಹಿಡಿದು ಟ್ಯಾಬ್ ಒತ್ತಿದೆ. ಅಡಗಿದ್ದು ಎದ್ದು ಬಂತು. ನನ್ನ ಪತ್ರಿಕೆ ಅಲ್ಲ, ಫೈಲೂ ಅಲ್ಲ. ಇಸ್ಪೀಟು! ಹಸಿರು ನೆಲದ ಮೇಲೆ ರಾಜ, ರಾಣಿ, ಎಕ್ಕ, ಸಾಲುಸಾಲು. ಎಕ್ಸ್‌ಪಿಯೊಳಗೇ ಇರುವ ಜೇಡದ ಗುರುತಿನ ಆಟ.

"ಅಕ್ಕಾರ, ನಿಮ್ಮ ಕಾಲಿಗೆ ಬೀಳ್ತೀನಿ, ಮಾವಾರಿಗೆ ಹೇಳಬ್ಯಾಡ್ರಿ," ಎಂದಳು. ನಿಜ, ಮೂರು ಹೊತ್ತು ಲಿಂಗಪೂಜೆಯ ಮನೆ ಅದು. ಇಸ್ಪೀಟು ಎಂಬ ಮಾತು ಕೇಳಿದರೆ ಅವಳ ಅತ್ತೆ ಮನೆ ತೊಳೆಸುತ್ತಾರೆ.

"ನಿನಗ ಎಲ್ಲಾ ಬರ್ತೈತಿ. ಹೌದಿಲ್ಲೋ?"

"ಹೂಂ ರೀ. ಕಾಲೇಜಿನ್ಯಾಗ ಇಂಥಾವ ಹಳೇ ಕಂಪ್ಯೂಟರ್ ಇದ್ದವು. ಇದರಾಗ ಕಲ್ತಿದ್ದು."

"ಮತ್ತ ನನ್ನ ಮುಂದ ಎಡಿಟ್ ಎಲ್ಲೈತ್ರಿ, ಕಾಪಿ ಎಲ್ಲೈತ್ರಿ ಅಂತ ಯಾಕ ನಾಟಕ?"

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಕಲ್ತಳು ಅಂತ ಆದ ಕೂಡಲೇ ಇದನ್ನ ಮನೀಗೆ ಒಯ್ತಾರಂತ್ರಿ. ಟೇಬಲ್ ಹಿಡಿಸ್ತೈತೋ ಇಲ್ಲೋ ಅಂತ ಒಳಗಿನ ಖೋಲಿ ಅಳದಾರ. ನಾ ಅಡಿಗಿ ಮುಗಿಸಿ ಅಲ್ಲೇ ಕುಂತು ಮಾಡ್ಬೇಕು. ಈ ಜಾಗ ಮೊಬೈಲ್ ಅಂಗಡಿಯವರಿಗೆ ಬಾಡಿಗಿ ಕೊಡ್ತಾರಂತ. ಮಧ್ಯಾಹ್ನ ಇಲ್ಲಿಗೆ ಬರೂದೊಂದ ರೀ ನಾ ಹೊಸ್ತಿಲ ದಾಟೂದು. ಕಂಪ್ಯೂಟರ್ ಮನೀಗೆ ಬಂದ್ರ ಅದೂ ಹೋತು."

"ಮತ್ತ ನಾನು?"

ಅವಳು ಖಣದ ಹೊದಿಕೆಯ ಮೂಲೆಯನ್ನು ಸರಿ ಮಾಡಿದಳು. ಟೇಪಿನ ಅರ್ಥ ನನಗೆ ಆಗ ತಿಳಿಯಿತು. ನನ್ನ ಅನುಮಾನ ಸುಳ್ಳಾಗಿರಲಿಲ್ಲ, ತಪ್ಪು ಮನುಷ್ಯರ ಮೇಲೆ ಕೂತಿತ್ತು ಅಷ್ಟೇ.

ಹಾಗೆಂದು ಅವಳನ್ನು ನಂಬಿಬಿಟ್ಟೆ ಎಂದುಕೊಳ್ಳಬೇಡಿ. ಸಿಕ್ಕಿಬಿದ್ದವರು ಎಲ್ಲವನ್ನೂ ಸಿಹಿಯಾಗಿ ಹೇಳುತ್ತಾರೆ. ಇವತ್ತು ಕಾಲಿಗೆ ಬೀಳುವವಳು ನಾಳೆ ಮಾವ ಗದರಿಸಿದರೆ ಎಲ್ಲ ಮಾಡಿ ತೋರಿಸುವುದಿಲ್ಲ ಎಂದು ಏನು ಗ್ಯಾರಂಟಿ? ಅವಳಿಗೆ ಹೋಗುವುದು ಮಧ್ಯಾಹ್ನದ ಒಂದು ಗಳಿಗೆ. ನನಗೆ ಹೋಗುವುದು ಕುರ್ಚಿ. ಬಸ್ಸಿನಲ್ಲಿ ಮನೆಗೆ ಹೋಗುವಾಗಲೆಲ್ಲ ಇದನ್ನೇ ತಿರುವಿ ಹಾಕುತ್ತಿದ್ದೆ.

ಆ ದಿನವೂ ಬಂತು. ಸಂಡೂರಿನವರ ಲಗ್ನಪತ್ರಿಕೆ ಪರದೆಯ ಮೇಲಿತ್ತು. ಎರಡೂ ಕಡೆಯ ಬೀಗರ ಹೆಸರು, ಮಠದ ಸ್ವಾಮಿಗಳ ಆಶೀರ್ವಾದ, ಮಾವಂದಿರು, ಸೋದರತ್ತೆಯರು, ಯಾರನ್ನು ಬಿಟ್ಟರೂ ಜಗಳವಾಗುವಂಥ ಉದ್ದನೆಯ ಪತ್ರಿಕೆ. ಸಂಜೆಯ ಬಸ್ಸಿಗೆ ಅವರೇ ಬಂದು ಪ್ರೂಫ್ ನೋಡುವವರಿದ್ದರು. ಸಾವ್ಕಾರರು ಒಳಗೆ ಬಂದು ಸ್ಟೂಲ್ ಎಳೆದು ಕೂತರು.

"ಅಕ್ಕಾರ, ನೀವು ಏಳ್ರಿ. ಏನವಾ, ಇಷ್ಟು ದಿನಾ ಕಲ್ತೀಯಲ್ಲ, ಕುಂದ್ರು. ಕಲ್ಯಾಣ ಮಂಟಪದ ಹೆಸರು ಕೆಳಗ ಐತಿ. ಅದನ್ನ ಮ್ಯಾಲೆ ತಂದು ಹಾಕಿ ತೋರ್ಸು."

ಕಂಟ್ರೋಲ್ ಎಕ್ಸ್, ಕಂಟ್ರೋಲ್ ವಿ. ಬಲ್ಲವರಿಗೆ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಮುಗಿಯುವ ಕೆಲಸ. ನಾನು ಎದ್ದು ಅವಳ ಎಡಕ್ಕೆ ನಿಂತೆ. ಅವಳು ಕೂತು, ಸೆರಗು ಸರಿಮಾಡಿಕೊಂಡು, ಬಲಗೈಯನ್ನು ಮೌಸಿನ ಮೇಲಿಟ್ಟಳು. ಎಡಗೈ ಎಲ್ಲಿದೆ ಎಂದು ನಾನು ನೋಡಲಿಲ್ಲ. ಅವಳ ಮುಖವನ್ನೇ ನೋಡುತ್ತಿದ್ದೆ. ಅಲ್ಲಿ ಮತ್ತೆ ಏನೂ ಇರಲಿಲ್ಲ.

ಬಾಣದ ಗುರುತು ತೆವಳುತ್ತ ಎಡಿಟ್‌ಗೆ ಹೋಯಿತು. ಪಟ್ಟಿ ಇಳಿಯಿತು. ಅವಳು ಸೆಲೆಕ್ಟ್ ಆಲ್ ಎಂಬುದನ್ನು ಒತ್ತಿದಳು. ಪತ್ರಿಕೆಯ ಸುತ್ತ ಸಣ್ಣ ಕಪ್ಪು ಚುಕ್ಕೆಗಳು ಎದ್ದವು.

"ಅದಲ್ಲವಾ ತಂಗಿ," ಎಂದೆ. ನಾಟಕವಲ್ಲ, ನಿಜವಾಗಿಯೇ ಗಾಬರಿಯಾಗಿತ್ತು.

ಮತ್ತೆ ಎಡಿಟ್. ಡಿಲೀಟ್. ಗಣಪತಿ, ಬಾಳೆಕಂಬ, ಸ್ವಾಮಿಗಳು, ಬೀಗರು ಎಲ್ಲ ಹೋಗಿ ಪರದೆ ಬೆಳ್ಳಗಾಯಿತು.

"ಅಯ್ಯಯ್ಯೋ ಮಾವಾರ! ಎಲ್ಲಾ ಹೋತ್ರಿ!"

ಸಾವ್ಕಾರರು ಎದ್ದ ಹೊಡೆತಕ್ಕೆ ಸ್ಟೂಲು ಉರುಳಿತು. "ಏನ್ ಮಾಡ್ದೆವಾ! ಸಂಜಿಗೆ ಸಂಡೂರ್ನವರು ಬಂದು ನಿಲ್ತಾರಲ್ಲ! ಅಕ್ಕಾರ, ನೋಡ್ರಿ, ಜಲ್ದಿ ನೋಡ್ರಿ, ಏನರ ಮಾಡ್ರಿ!"

ನನ್ನ ಎಡಗೈ ತಾನಾಗಿಯೇ ಖಣದ ಕೆಳಗೆ ನುಗ್ಗಿತು. ಕಂಟ್ರೋಲ್ ಇರುವಲ್ಲಿ ಕೀ ಸಿಗಲಿಲ್ಲ, ಬೆರಳು ಸಿಕ್ಕಿತು. ಅವಳ ಕಿರುಬೆರಳು ಕಂಟ್ರೋಲ್ ಮೇಲಿತ್ತು, ಇನ್ನೊಂದು ಬೆರಳು ಜೆಡ್ ಮೇಲಿತ್ತು. ಒತ್ತಿರಲಿಲ್ಲ. ಮೊದಲಿನಿಂದಲೂ ಅಲ್ಲೇ ಇದ್ದವು.

ಅವಳ ಬೆರಳುಗಳ ಮೇಲೆ ನನ್ನ ಬೆರಳಿಟ್ಟು ಒತ್ತಿದೆ. ಬೀಗರೆಲ್ಲ ತಮ್ಮ ತಮ್ಮ ಜಾಗಕ್ಕೆ ಬಂದು ಕೂತರು.

ಸಾವ್ಕಾರರು ಹಣೆ ಒರೆಸಿಕೊಂಡರು, ವಿಭೂತಿಯ ಒಂದು ಗೆರೆ ಟವೆಲ್ಲಿಗೆ ಬಂತು. "ಇಕಿಗೆ ಬಿಟ್ರ ಪ್ರೆಸ್ಸ ಮುಚ್ತಾಳ," ಎಂದರು. "ಇನ್ನೂ ಭಾಳ ಕಲೀಬೇಕಲ್ರಿ ಅಕ್ಕಾರ ಇಕಿ?"

"ಭಾಳ ಐತ್ರಿ ಸಾವ್ಕಾರ್ರ," ಎಂದೆ. "ಈಗಷ್ಟ ಶುರು ಆಗೈತಿ."

"ಆಗ್ಲಿ. ಟೇಬಲ್ಲು ಇಲ್ಲೇ ಇರ್ಲಿ ಬಿಡ್ರಿ," ಎನ್ನುತ್ತ ಅವರು ಹೊರಗೆ ಹೋದರು.

ಚಪ್ಪಲಿ ಸದ್ದು ಓಣಿ ದಾಟಿದ ಮೇಲೆ ಕೇಳಿದೆ: "ಕೈ ಅಲ್ಲೇ ಇಟ್ಕೊಂಡಿದ್ದಿಯಲ್ಲ, ನೀನ ಒತ್ತಬಹುದಿತ್ತಲ್ಲ?"

"ನಾ ಒತ್ತಿದ್ರ ಕಲ್ತಳು ಅಂತ ಆಗ್ತಿತ್ತಲ್ರಿ. ನೀವು ಕೈ ಹಾಕೂತನಕ ಕಾಯ್ತಿದ್ದೆ."

"ನಾ ಹಾಕ್ಲಿಲ್ಲ ಅಂದ್ರ?"

"ಹಾಕ್ತೀರಿ ಅಂತ ಗೊತ್ತಿತ್ರಿ," ಎಂದಳು. ಎಷ್ಟು ಸಲೀಸಾಗಿ ಹೇಳಿದಳು! ನನ್ನನ್ನು ಹಾಗೆ ನಂಬಿದವರನ್ನು ನಾನು ಕಂಡಿರಲಿಲ್ಲ. ಊದಿನಕಡ್ಡಿ ಹಚ್ಚಿಸಿದ ನನ್ನನ್ನು!

ಈಗಲೂ ಅವಳು ಮಧ್ಯಾಹ್ನ ಬರುತ್ತಾಳೆ. ಕಲಿಕೆ ನಡೆದಿದೆ. ಅವಳು ಯಾಕೆ ಹಾಗೆ ಮಾಡಿದಳು, ನನ್ನ ಕುರ್ಚಿಗೋ ತನ್ನ ಹೊಸ್ತಿಲಿಗೋ ಎಂಬ ಅನುಮಾನ ನನಗೆ ಪೂರ್ತಿ ಹೋಗಿಲ್ಲ, ಹೋಗಬೇಕಾಗಿಯೂ ಇಲ್ಲ. ಕೆಲಸ ಕಡಿಮೆಯಿದ್ದಾಗ ಹಸಿರು ನೆಲದ ಮೇಲೆ ಎಲೆ ಹಾಸಿ, ರಾಣಿಯನ್ನು ಯಾವ ರಾಜನ ಕೆಳಗೆ ಇಡಬೇಕು ಎಂದು ಅವಳು ನನಗೆ ಹೇಳಿಕೊಡುತ್ತಾಳೆ. ಆಗ ಓಣಿಯಲ್ಲಿ ಸಾವ್ಕಾರರ ಚಪ್ಪಲಿ ಸದ್ದಾದರೆ, ಖಣದ ಕೆಳಗೆ ಮೊದಲು ಹೋಗುವ ಕೈ ನನ್ನದೇ.